ಐದನೆಯ ಪದ ಕುದುರೆಯಲ್ಲ

೧

ಎಲ್ಲಿಂದ ಶುರುಮಾಡಲಿ?

ಚರಿತ್ರೆ ಎಂದಮೇಲೆ ಇಸವಿಯಿಂದ ಶುರುಮಾಡುವುದು ಮರ್ಯಾದೆ. ವೆಸ್ಲಿಂಗ್ ಯೂನಿವರ್ಸಿಟಿಯ ಕ್ರೀಡಾ ವಿಭಾಗದವರು ನನಗೆ ಹಚ್ಚಿದ ಕೆಲಸವೂ ಅಷ್ಟೇ: ಗಂಡಸರ ಸಾಕರ್ ತಂಡದ ಚರಿತ್ರೆ, ವೆಬ್‌ಸೈಟಿಗೆ, ಒಂದೇ ಒಂದು ಪುಟ. "ಗೆದ್ದದ್ದನ್ನೆಲ್ಲ ಬರಿ," ಎಂದಿದ್ದರು ಕೋಚ್ ಡ್ರಿಸ್ಕಲ್. "ಸೋತ ವರ್ಷಗಳಿಗೆ 'ತಂಡವನ್ನು ಹೊಸದಾಗಿ ಕಟ್ಟಿದ ಕಾಲ' ಅಂತ ಹಾಕ್ಬಿಡು." (ಅವರ ಮಾತು ಕೇಳಿದ್ದರೆ, ಈ ತಂಡವನ್ನು ಕಟ್ಟಿದಷ್ಟು ಸಲ ಭೂಮಿಯ ಮೇಲೆ ಇನ್ನಾವುದನ್ನೂ ಕಟ್ಟಿಲ್ಲ ಎಂದಾಗುತ್ತಿತ್ತು.)

ಸರಿ, ಹೀಗೆ ಬರೆದೆ:

ಮಿಸಿಸಿಪ್ಪಿಯ ಇಲಿನಾಯ್ ದಡದಲ್ಲಿ, ನೆರೆ ಬಂದರೆ ಮುಳುಗುವ ತಗ್ಗಿನಲ್ಲಿ, ೧೯೫೯ರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಕಲ್ಲಿದ್ದಲ ಗಣಿಯ ಹಳೇ ಪೈಪುಗಳನ್ನು ಬೆಸೆಸಿ ಗೋಲುಕಂಬ ನಿಲ್ಲಿಸಿದರು. ಗಣಿಯವರ ಮಕ್ಕಳು ಆಡಲು ಬಂದರು. ಬೂದು ಕೊಕ್ಕರೆಗಳು ಆ ತಗ್ಗಿನಲ್ಲಿ ಮೊದಲಿನಿಂದಲೂ ಇದ್ದವು. ತಂಡಕ್ಕೆ ಅವುಗಳ ಹೆಸರೇ ಬಂತು, ಹೆರಾನ್ಸ್.

ಓದಿಕೊಂಡೆ. ತಪ್ಪೇನೂ ಇಲ್ಲ. ಹೆದರಿಕೆಯೊಂದು ಇಲ್ಲ, ಅಷ್ಟೆ. ಹೆದರಿಕೆ ಇಲ್ಲದಿದ್ದರೆ ಅದು ಬೇರೆ ಯಾವುದೋ ತಂಡದ ಚರಿತ್ರೆ. ಹೊಡೆದುಹಾಕಿದೆ.

ಅಜ್ಜಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಲೇಬೇಕಿತ್ತು. ಕಥೆಗೆ ಸ್ವಂತ ಕಾಲಿಲ್ಲ, ಕೇಳುವವರ ಹೂಂ ಅದರ ಕಾಲು ಎನ್ನುತ್ತಿದ್ದಳು. ನಿದ್ದೆ ಬಂದು ನಾನು ಹೂಂ ಅನ್ನುವುದನ್ನು ಬಿಟ್ಟರೆ ರಾಜಕುಮಾರ ಎತ್ತಿದ ಕಾಲನ್ನು ಎತ್ತಿಕೊಂಡೇ ಕಾಡಿನ ನಡುವೆ ನಿಂತುಬಿಡುತ್ತಿದ್ದ. ಬೆಳಗ್ಗೆ ಎದ್ದಾಗ ನನಗೆ ಅವನದೇ ಚಿಂತೆ.

ಆದ್ದರಿಂದ, ನೀವು ಯಾರೇ ಆಗಿರಿ, ಹೂಂ ಅನ್ನಿ.

೨

ಗುರುವಾರ ಬೆಳಗ್ಗೆ ವೆಂಡೆಲ್ ಓಬರ್‌ಮೈಯರ್ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ನಿಂತಿದ್ದ.

(ಇದು ಚೆನ್ನಾಗಿದೆ. ಇದರಿಂದಲೇ ಶುರುಮಾಡಬೇಕಿತ್ತು.)

ವೆಂಡೆಲ್ ತಂಡದ ಕ್ಯಾಪ್ಟನ್, ನಾಲ್ಕನೇ ವರ್ಷದ ವಿದ್ಯಾರ್ಥಿ, ರಕ್ಷಣೆಯ ಸಾಲಿನಲ್ಲಿ ನಟ್ಟನಡುವೆ ಆಡುವವನು. ಮೇಲಿಂದ ಬರುವ ಚೆಂಡಿಗೆಲ್ಲ ತಲೆ ಕೊಡುವುದು ಅವನ ಕೆಲಸ. ಹಿಂದಿನ ದಿನ ಸೆಮಿಫೈನಲ್ಲಿನಲ್ಲಿ ಹಾಗೆ ಹಾರಿದಾಗ, ಅದೇ ಚೆಂಡನ್ನು ಗುದ್ದಲು ಹಾರಿದ ತನ್ನದೇ ಗೋಲ್‌ಕೀಪರ್ ಸೆನಾದನ ಮುಷ್ಟಿ ಅವನ ಕಿವಿಯ ಮೇಲ್ಗಡೆ ಬಿದ್ದಿತ್ತು. ಒಂದು ಮೊಣಕಾಲೂರಿ ಕೂತ. ಎದ್ದ. ಏನಿಲ್ಲ ಎಂದು ಕೈಯಾಡಿಸಿದ. ತಂಡ ಗೆದ್ದಿತು. ಫೈನಲ್ ಶನಿವಾರ, ನಮ್ಮದೇ ಮೈದಾನದಲ್ಲಿ.

ಈಗ ಫ್ರಿಜ್ಜಿನೊಳಗೆ ಹಾಲಿತ್ತು, ಮೊಟ್ಟೆಯಿತ್ತು, ಸೆನಾದನ ಅಮ್ಮ ಸೇಂಟ್ ಲೂಯಿಸಿನ ಮನೆಯಿಂದ ಕಟ್ಟಿ ಕಳಿಸಿದ ಬುರೆಕ್ ಇತ್ತು, ಖೀಮಾ ತುಂಬಿ ಸುರುಳಿ ಸುತ್ತಿದ್ದು. ತಾನು ಏನು ತೆಗೆಯಲು ಬಂದೆ ಎಂಬುದು ವೆಂಡೆಲ್‌ಗೆ ಹೊಳೆಯಲಿಲ್ಲ. ಅದು ಎಲ್ಲರಿಗೂ ಆಗುವುದೇ, ಅದಕ್ಕೆ ಅವನು ಹೆದರಲಿಲ್ಲ. ಬಾಗಿಲು ತೆರೆದು ಎಷ್ಟು ಹೊತ್ತಾಯಿತು ಎಂಬುದೂ ಹೊಳೆಯಲಿಲ್ಲ. ಹಾಲಿನ ಡಬ್ಬಿಯ ಮೈಮೇಲೆ ನೀರು ಬೆವರಿ ಕೆಳಕ್ಕೆ ಹರಿದಿತ್ತು. ಅವನ ಕಾಲ್ಚೀಲ ಒದ್ದೆಯಾಗಿತ್ತು.

"ಲೋ, ಬಾಗ್ಲು ಹಾಕೋ. ಊರಿಗೆಲ್ಲ ತಂಪು ಹಂಚ್ತಿದೀಯಾ?" ಸೆನಾದ್ ಕಣ್ಣುಜ್ಜಿಕೊಂಡು ಬಂದ. ಇಬ್ಬರೂ ಒಂದೇ ಬಾಡಿಗೆ ಮನೆಯಲ್ಲಿದ್ದವರು.

"ಸೆನಾದ್, ಆ ಹಳದಿ ದೋಣಿ ಏನಾಯ್ತು?"

"ಯಾವ ದೋಣಿ?"

"ಹಳದೀದು. ನದೀಲಿ. ನಾವಿಬ್ರೂ ಕೂತಿದ್ವಲ್ಲೋ, ಮಂಜು ಕವ್ಕೊಂಡಿತ್ತು. ನೀನು ಹುಟ್ಟು ಹಾಕ್ತಿದ್ದೆ."

ಸೆನಾದ್ ನಕ್ಕ. ನಗು ಅರ್ಧಕ್ಕೇ ನಿಂತಿತು. "ನಂಗೆ ಈಜೇ ಬರಲ್ಲ ಮಗಾ. ನಾನ್ಯಾಕೆ ದೋಣಿ ಹತ್ಲಿ?"

೪

(ಮೂರು ಎಲ್ಲಿ ಎಂದು ಕೇಳುತ್ತೀರಿ. ಮೂರರಲ್ಲಿ ಒಂದು ಹಳದಿ ದೋಣಿಯಿತ್ತು. ದೊಡ್ಡ ಆಟದ ಮುಂಚೆ ಗೆಳೆಯರಿಬ್ಬರು ಮಂಜಿನಲ್ಲಿ ಹುಟ್ಟು ಹಾಕಿಕೊಂಡು ಹೋಗುವುದು, ಕೊಕ್ಕರೆಯೊಂದು ನೀರಿನಿಂದ ಏಳುವುದು. ಬಹಳ ಮುದ್ದಾಗಿ ಬರೆದುಕೊಂಡಿದ್ದೆ. ಹಗಲುಗನಸಿನವರಿಗೆ ಇಂಥ ಚಟ ಇರುತ್ತದೆ. ಕಥೆಗೆ ಏನೂ ಉಪಯೋಗವಿಲ್ಲವೆಂದು ಆಮೇಲೆ ಪೂರ್ತಿ ಅಳಿಸಿದೆ.

ಅಳಿಸಿ, ಎರಡನೆಯದನ್ನು ತಿದ್ದಲು ಹಿಂತಿರುಗಿದಾಗ ಅವನು ದೋಣಿಯ ಮಾತೆತ್ತಿದ. ನಾನು ಎತ್ತಿಸಲಿಲ್ಲ. ಅಜ್ಜಿಯ ಆಣೆ.

ನಾನು ಅಳಿಸಿದ್ದನ್ನು ಅವನು ನೆನಪಿಟ್ಟುಕೊಂಡಿದ್ದಾನೆ. ಹಾಗಾದರೆ ನಾನು ಉಳಿಸಿದ್ದರಲ್ಲಿ ಏನೇನು ಅವನಿಂದ ಅಳಿಸಿಹೋಗುತ್ತಿದೆ?)

೫

ಕುದುರೆಯ ವಿಷಯ ಈಗಲೇ ಹೇಳಿಬಿಡಬೇಕು. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ವೆಸ್ಲಿಂಗಿನಲ್ಲಿ ಇದು ಕೂಸಿಗೂ ಗೊತ್ತಿರುವ ಕಥೆ.

೧೯೭೧ರ ಫೈನಲ್. ನೀರು ಕುಡಿದ ತೊಗಲಿನ ಚೆಂಡು ಕಲ್ಲಿನಂತೆ ಭಾರವಾಗುತ್ತಿದ್ದ ಕಾಲ. ವೆಂಡೆಲ್‌ನ ಅಜ್ಜ, ಗಸ್ ಓಬರ್‌ಮೈಯರ್, ಆಗ ಇಪ್ಪತ್ತರ ಹುಡುಗ, ತಂಡದ ಕ್ಯಾಪ್ಟನ್. ಎದುರಾಳಿಯ ತಲೆಗೂ ಇವನ ತಲೆಗೂ ಡಿಕ್ಕಿಯಾಗಿ ಬಿದ್ದ. ಆಗಿನ ಕೋಚ್ ಓಡಿಬಂದು ಮುಖಕ್ಕೆ ನೀರೆರಚಿ, "ಗಸ್, ಇವತ್ತು ಯಾವ ವಾರ?" ಎಂದು ಕೇಳಿದರು.

"ಕುದುರೆ," ಎಂದ ಗಸ್.

ಮೈದಾನಕ್ಕೆ ಮೈದಾನವೇ ನಕ್ಕಿತು. ಕೋಚ್ ಬೆನ್ನು ತಟ್ಟಿ ಒಳಕ್ಕೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಕಾರ್ನರ್ ಕಿಕ್ ಬಂತು, ಗಸ್ ಹಾರಿದ, ಹಣೆಯಿಂದ ಹೊಡೆದ. ಒಂದು ಗೋಲು. ಅದೇ ಗೆಲುವು. ತಂಡದ ಇಡೀ ಚರಿತ್ರೆಯಲ್ಲಿ ಗೆದ್ದ ಏಕೈಕ ಪ್ರಶಸ್ತಿ.

ಅದರ ನೆನಪಿಗೆ ಯಾರೋ ಓಕ್ ಮರದಲ್ಲಿ ಕುದುರೆಯ ತಲೆಯೊಂದನ್ನು ಕೆತ್ತಿ ಡ್ರೆಸಿಂಗ್ ರೂಮಿನ ಬಾಗಿಲ ಮೇಲೆ ಬಡಿದರು. ಅಂದಿನಿಂದ ಪ್ರತಿಯೊಬ್ಬ ಆಟಗಾರನೂ ಮೈದಾನಕ್ಕೆ ಹೊರಡುವಾಗ ನೆಗೆದು ಅದಕ್ಕೆ ಹಣೆ ಕುಟ್ಟಬೇಕು. ಟಕ್. ಮುಂದಿನವನು. ಟಕ್. ಐವತ್ತು ವರ್ಷದ ಹಣೆಗಳು ತಾಗಿ ಕುದುರೆಯ ಮೂತಿ ಸವೆದಿದೆ, ಒಂದು ಬದಿಯ ಕಣ್ಣು ಪೂರ್ತಿ ಹೋಗಿದೆ. ಹೊರಗೆ ಜನ "ಕುದುರೆ! ಕುದುರೆ!" ಎಂದು ಕೂಗುತ್ತಾರೆ.

ಇಷ್ಟನ್ನು ಓದಿ ಕೋಚ್ ಡ್ರಿಸ್ಕಲ್ ಮೇಜು ಕುಟ್ಟಿದರು. "ನೋಡು, ಚರಿತ್ರೆ ಅಂದ್ರೆ ಇದು! ಇಲ್ಲಿಗೇ ನಿಲ್ಲಿಸ್ಬಿಡು!"

ನಿಲ್ಲಿಸಬಹುದಿತ್ತು.

೬

ಚರಿತ್ರೆಯಲ್ಲಿ ಬರೆಯದ ಇನ್ನೊಂದು ಪದ್ಧತಿಯಿದೆ.

ಪ್ರತಿ ಆಗಸ್ಟಿನಲ್ಲಿ, ಎಲ್ಲರ ತಲೆ ನೆಟ್ಟಗಿರುವಾಗಲೇ, ಆಟಗಾರರಿಗೆ ಒಂದು ಪರೀಕ್ಷೆ ನಡೆಯುತ್ತದೆ. ಐದು ಪದ ಹೇಳುತ್ತಾರೆ. ತಿಂಗಳುಗಳ ಹೆಸರನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸುತ್ತಾರೆ. ಆಮೇಲೆ ಆ ಐದು ಪದ ಯಾವುವು ಎಂದು ಕೇಳಿ, ಎಷ್ಟು ಸರಿಯಾಯಿತು ಎಂದು ಬರೆದಿಟ್ಟುಕೊಳ್ಳುತ್ತಾರೆ. ಮುಂದೆ ಯಾರ ತಲೆಗಾದರೂ ಪೆಟ್ಟು ಬಿದ್ದರೆ ಮತ್ತೆ ಐದು ಪದ. ಆಗಸ್ಟಿಗಿಂತ ಕಡಿಮೆ ಹೇಳಿದರೆ ಆಟವಿಲ್ಲ, ಬೆಂಚು.

ಅದಕ್ಕೇ ಹಿರಿಯ ಹುಡುಗರು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ: ಆಗಸ್ಟಿನಲ್ಲಿಯೇ ದಡ್ಡನಾಗಿಬಿಡು. ಎರಡು ಪದ ಸರಿಯಾಗಿ ಹೇಳು. ಎರಡು ಮರೆತೆ ಅನ್ನು. ಐದನೆಯದಕ್ಕೆ 'ಕುದುರೆ' ಅನ್ನು. ಆಮೇಲೆ ಎಂಥ ಪೆಟ್ಟು ಬಿದ್ದರೂ ಆಗಸ್ಟಿಗಿಂತ ದಡ್ಡನಾಗಲು ಸಾಧ್ಯವೇ ಇಲ್ಲ.

ವೆಂಡೆಲ್ ಹೊಸಬನಾಗಿದ್ದಾಗ ಹೀಗೆಯೇ ಕಲಿತ. ಈ ಆಗಸ್ಟಿನಲ್ಲಿ ಅವನೇ ನಿಂತು ಕಲಿಸಿದ. ತಂಡದ ಆರೋಗ್ಯ ನೋಡಿಕೊಳ್ಳುವ ಟ್ರೇನರ್ ಲೊರೆಟಾ ಪೈಕ್ ಈ ವರ್ಷವಷ್ಟೇ ಬಂದವರು. ಮೊದಲ 'ಕುದುರೆ'ಗೆ ನಕ್ಕರು. ಎರಡನೆಯದಕ್ಕೂ ನಕ್ಕರು. ಆಮೇಲೆ, "ಏನ್ರೋ, ಇಡೀ ತಂಡಕ್ಕೂ ಒಂದೇ ಕುದುರೆ ಒದ್ದಿದ್ಯಾ?" ಎಂದು ಕೇಳಿದರು. ಕಾರಿಡಾರಿನಲ್ಲಿ ಸಾಲಾಗಿ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಳೇ ತಂಡ, ಹಳೇ ತಮಾಷೆ ಎಂದುಕೊಂಡು ಲೊರೆಟಾ ಹುಡುಗರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು.

(ಅಜ್ಜಿಯ ಕಥೆಯ ರಾಕ್ಷಸನೊಬ್ಬ ತನ್ನ ಪ್ರಾಣವನ್ನು ಗಿಳಿಯೊಂದರಲ್ಲಿ ಬಚ್ಚಿಟ್ಟು ಏಳು ಸಮುದ್ರದಾಚೆಯ ಮರದಲ್ಲಿ ಕೂರಿಸಿ ಬರುತ್ತಾನೆ, ಯಾರೂ ಕೊಲ್ಲಬಾರದೆಂದು. ಈ ಹುಡುಗರು ಬುದ್ಧಿಯನ್ನು ಬಚ್ಚಿಟ್ಟರು. ಆದರೆ ರಾಕ್ಷಸನಿಗೆ ಮರ ಯಾವುದೆಂದು ಗೊತ್ತಿತ್ತು.)

೭

ಗುರುವಾರ ಮಧ್ಯಾಹ್ನ ಲೊರೆಟಾ ಅವನನ್ನು ಕರೆಸಿದರು. ಸೆಮಿಫೈನಲ್ಲಿನ ವಿಡಿಯೊ ನೋಡಿದ್ದರು.

"ಕೂತ್ಕೊ. ಐದು ಪದ."

ವೆಂಡೆಲ್ ಸಿದ್ಧನಾಗಿಯೇ ಬಂದಿದ್ದ. ಎರಡು ಹೇಳುವುದು, ಎರಡು ಬಿಡುವುದು, ಕುದುರೆ ಎನ್ನುವುದು. ಲೊರೆಟಾ ಪದಗಳನ್ನು ಹೇಳಿದರು. ತಿಂಗಳು ಹೇಳಿಸಿದರು, ಅವನು ಜುಲೈಯಲ್ಲಿ ಸ್ವಲ್ಪ ತಡೆದು ದಾಟಿದ. ಆಮೇಲೆ ಪದ ಕೇಳಿದರು. ಎರಡು ಹೇಳಿದ. ಬೇಕೆಂದೇ ಮರೆಯಬೇಕಾಗಿದ್ದ ಇನ್ನೆರಡಕ್ಕಾಗಿ ಒಳಗೆ ಕೈಹಾಕಿದ.

ಅಲ್ಲಿ ಏನೂ ಇರಲಿಲ್ಲ. ಮರೆಯಲು ಏನಾದರೂ ಇರಬೇಕಲ್ಲ. ಗೋಡೆಯೂ ಇಲ್ಲದ ಕೋಣೆಯಲ್ಲಿ ಗೋಡೆ ತಡವಿದಂತಾಯಿತು.

"ಐದನೇದು?"

"ಕುದುರೆ," ಎಂದ ವೆಂಡೆಲ್.

ಅದು ತಮಾಷೆಯಾಗಿರಲಿಲ್ಲ. ಆ ಪದವನ್ನು ಅವರ ಬಾಯಲ್ಲಿ ಅವನು ಕಿವಿಯಾರೆ ಕೇಳಿದ್ದ. ಕುದುರೆ ಎನ್ನುವಾಗ ಅವರು ಪೆನ್ನಿನ ತುದಿಯಿಂದ ಮೇಜು ತಟ್ಟಿದ್ದು ಕೂಡ ನೆನಪಿತ್ತು.

ಲೊರೆಟಾ ಆಗಸ್ಟಿನ ಹಾಳೆ ತೆಗೆದು ಪಕ್ಕಕ್ಕಿಟ್ಟು ನೋಡಿದರು. "ಆಗಸ್ಟಲ್ಲಿದ್ದಷ್ಟೇ ಇದೆ. ಲೆಕ್ಕದ ಪ್ರಕಾರ ನೀನು ಆಡ್ಬಹುದು. ತಲೆನೋವು?"

"ಇಲ್ಲ."

"ಬೆಳಕು ನೋಡಿದ್ರೆ ಹಿಂಸೆ?"

"ಇಲ್ಲ."

"ಸುಳ್ಳು ಹೇಳೋದ್ರಲ್ಲಿ ನೀನು ನಮ್ಮಮ್ಮನ ಹಾಗೆ. ಅವ್ರೂ ಕಣ್ಣು ಮಿಟುಕಿಸ್ತಿರ್ಲಿಲ್ಲ."

ಹೊರಗೆ ಸೆನಾದ್ ಕಾಯುತ್ತಿದ್ದ. "ಏನಂದ್ರು? ಕುದುರೆ ಅಂದ್ಯಾ?"

"ಅಂದೆ."

"ಭೇಷ್!" ಸೆನಾದ್ ಅವನ ಕತ್ತು ಬಳಸಿಕೊಂಡ. "ನಿನ್ನೆಯಿಂದ ಬುರೆಕ್ ಕೂಡ ಗಂಟ್ಲಲ್ಲಿ ಇಳೀತಿಲ್ಲ ಕಣೋ. ನನ್ನ ಕೈಯಿಂದ ನಿಂಗೇನಾದ್ರೂ ಆಗಿದ್ರೆ ನಮ್ಮಮ್ಮ ನನ್ನ ಮನೆಗೇ ಸೇರಿಸ್ತಿರ್ಲಿಲ್ಲ."

ವೆಂಡೆಲ್ ನಕ್ಕ. ತಾನು ನಿಜಕ್ಕೂ ಮರೆತೆ ಎಂದು ಹೇಳಬೇಕೆಂದರೆ ಅದೇ ಹೊತ್ತು. ಹೇಳಲಿಲ್ಲ.

ಹೇಳಿದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ತನ್ನ ಆಗಸ್ಟು ಸುಳ್ಳೆಂದರೆ ಎಲ್ಲರ ಆಗಸ್ಟೂ ಸುಳ್ಳು. ಶನಿವಾರ ಆಡಬಹುದೆಂದು ಒಬ್ಬನಿಗೂ ಲೊರೆಟಾ ಸಹಿ ಹಾಕುವಂತಿಲ್ಲ. ಆಡದೆ ಸೋತ ತಂಡವನ್ನು ಯೂನಿವರ್ಸಿಟಿ ಇಟ್ಟುಕೊಳ್ಳುವುದೂ ಇಲ್ಲ. ಗಂಡಸರ ಸಾಕರನ್ನು ಮುಚ್ಚಿಬಿಡುವ ಮಾತು ಆಡಳಿತದವರಲ್ಲಿ ಆಗಲೇ ನಡೆದಿತ್ತು, ಪ್ರಶಸ್ತಿಯೊಂದೇ ತಡೆ ಎಂದು ಕೋಚ್ ದಿನಾ ಹೇಳುತ್ತಿದ್ದರು. ಹೇಳದಿದ್ದರೆ ಶನಿವಾರ ಮೇಲಿಂದ ಇನ್ನೊಂದು ಚೆಂಡು ಬರುತ್ತದೆ. ಅದಕ್ಕೆ ಅವನು ತಲೆ ಕೊಡಬೇಕು.

೮

ಶುಕ್ರವಾರ ವೆಂಡೆಲ್ ಊಟಕ್ಕೆ ಅಪ್ಪನ ಮನೆಗೆ ಹೋದ. ಹಿತ್ತಿಲಲ್ಲಿ ಅಪ್ಪ ಹಂದಿಮಾಂಸ ಸುಡುತ್ತಿದ್ದ. ಅಜ್ಜ ಗಸ್, ಜರ್ಮನ್ ರೂಢಿಯಂತೆ ಮನೆಯವರೆಲ್ಲರ ಓಪಾ, ಮಡಚುವ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಓಪಾನಿಗೆ ಕೆಲವು ವರ್ಷಗಳಿಂದ ಮರೆವು. ಯಾರನ್ನೂ ಮರೆತಂತೆ ತೋರಿಸಿಕೊಳ್ಳುವುದಿಲ್ಲ, ಎಲ್ಲರಿಗೂ ಒಂದೇ ನಗು.

ವೆಂಡೆಲ್ ಹುಲ್ಲಿನ ಮೇಲೆ ಅವನ ಕಾಲ ಬಳಿ ಕೂತ.

"ಓಪಾ, ಆ ಗೋಲು ನಿಂಗೆ ನೆನಪಿದ್ಯಾ?"

"ಯಾವ್ದು?"

"ಎಪ್ಪತ್ತೊಂದರದು. ತಲೇಲಿ ಹೊಡೆದದ್ದು."

ಓಪಾ ಸುತ್ತ ನೋಡಿ, ಅಪ್ಪ ದೂರವಿದ್ದಾನೆ ಎಂದು ಖಚಿತಮಾಡಿಕೊಂಡು, ಬಗ್ಗಿದ. "ಒಂದು ಮಾತು ಹೇಳ್ಲಾ ಮರಿ? ಯಾರಿಗೂ ಹೇಳ್ಬೇಡ. ನಂಗೆ ಅದು ಅವತ್ತೇ ನೆನಪಿರ್ಲಿಲ್ಲ."

"ಅವತ್ತೇ ಅಂದ್ರೆ?"

"ಬಸ್ಸಲ್ಲಿ ವಾಪಸ್ ಬರ್ತಿದ್ವಿ. ಎಲ್ರೂ ಹಾಡ್ತಿದ್ರು. ಯಾಕೆ ಹಾಡ್ತಿದಾರೆ ಅಂತ ನಾನು ಕೇಳ್ದೆ. ನೀನು ಗೋಲು ಹೊಡೆದ್ಯಲ್ಲೋ ಅಂದ್ರು. ಹೂಂ ಅಂದೆ. ಅಲ್ಲಿಂದ ಇಲ್ಲೀತನಕ ಜನ ಆ ಕಥೆ ಹೇಳ್ತಾರೆ, ನಾನು ಹೂಂ ಅಂತೀನಿ."

ವೆಂಡೆಲ್ ಅವನ ಜಾರಿದ ಕಂಬಳಿಯನ್ನು ಮೇಲಕ್ಕೆಳೆದ. "ಮತ್ತೆ ಕುದುರೆ ಅಂತ ಯಾಕೆ ಅಂದೆ?"

"ಇತ್ತಲ್ಲ, ಅದಕ್ಕೆ." ಓಪಾ ಸಹಜವಾಗಿ ಹೇಳಿದ. "ದೂರದ ಗೋಲುಕಂಬದ ಪಕ್ಕ ನಿಂತಿತ್ತು. ಬಿಳೀದು. ಆಮೇಲೆ ನಮ್ಮ ಮೈದಾನಕ್ಕೂ ಬಂತು, ಇನ್ನೂ ಎಲ್ಲೂ ಹೋಗಿಲ್ಲ. ಪ್ರತಿ ಮ್ಯಾಚಲ್ಲೂ ನೋಡ್ತೀನಿ." ಆಮೇಲೆ ಅವನ ಗದ್ದ ಹಿಡಿದು ಎತ್ತಿ, ಕಣ್ಣೊಳಗೆ ಇಣುಕಿದ. ಆ ಒಂದು ಕ್ಷಣ ಓಪಾನ ಮುಖದಲ್ಲಿ ನಗು ಇರಲಿಲ್ಲ. "ಯಾಕೆ ಕೇಳ್ದೆ? ನಿಂಗೂ ಕಾಣ್ಸ್ತಾ?"

೯

ಶನಿವಾರಕ್ಕೆ ಬಂದೆವು. ಈಗ ಮುಗಿಸಬೇಕು. ಇಲ್ಲಿ ಕೆಲವು ಮುಕ್ತಾಯಗಳಿವೆ.

(ಅ) ವೆಂಡೆಲ್ ಆಡುತ್ತಾನೆ. ಕೊನೆಯ ಗಳಿಗೆಯಲ್ಲಿ ಕಾರ್ನರ್ ಕಿಕ್ ಬರುತ್ತದೆ. ಅಜ್ಜನಂತೆಯೇ ಹಾರುತ್ತಾನೆ, ಚೆಂಡು ಬಲೆಗೆ ಬೀಳುತ್ತದೆ, ತಂಡ ಉಳಿಯುತ್ತದೆ. ಡ್ರೆಸಿಂಗ್ ರೂಮಿನಲ್ಲಿ ಎಲ್ಲರೂ ಹಾಡುತ್ತಾರೆ. ವೆಂಡೆಲ್ ಪಕ್ಕದವನನ್ನು ಕೇಳುತ್ತಾನೆ, ಯಾಕೆ ಹಾಡುತ್ತಿದ್ದಾರೆ?

"ಕೊನೇ ಎರಡು ಸಾಲು ತೆಗಿ," ಎಂದರು ಕೋಚ್ ಡ್ರಿಸ್ಕಲ್. "ಉಳಿದದ್ದು ಬೆಂಕಿ!"

(ಆ) ವೆಂಡೆಲ್ ಆಡುತ್ತಾನೆ. ಕಾರ್ನರ್ ಕಿಕ್ ಬರುತ್ತದೆ. ಹಾರುತ್ತಾನೆ. ಇಳಿಯುವುದಿಲ್ಲ.

"ಥೂ, ಎಂಥಾ ಹೆಂಗಸಮ್ಮಾ ನೀನು?" ಸೆನಾದ್ ನನ್ನ ಮೇಲೆ ಎಗರಿದ. "ಅವನಿಗೆ ತಂಗಿ ಇದಾಳೆ. ಮುಂದಿನ ತಿಂಗಳು ಅವಳ ಹುಟ್ಟುಹಬ್ಬ."

"ಇಲ್ಲಿ ತಂಗಿ ಬಂದೇ ಇಲ್ಲವಲ್ಲ."

"ನೀನು ಬರೆದಿಲ್ಲ ಅಂದ್ರೆ ಇಲ್ಲ ಅಂತಾನಾ?"

ಹೊಡೆದುಹಾಕಿದೆ. ಆದರೆ ನನಗೀಗ ಹೊಡೆದುಹಾಕಲೂ ಭಯ. ಹೊಡೆದುಹಾಕಿದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದು ನಿಮಗೂ ಗೊತ್ತು. ಡ್ರೆಸಿಂಗ್ ರೂಮಿನಲ್ಲಿ ಬೂಟಿನ ದಾರ ಕಟ್ಟುತ್ತಿದ್ದ ವೆಂಡೆಲ್ ತಟ್ಟನೆ ಕೈ ನಿಲ್ಲಿಸಿ, ತಲೆಯೆತ್ತಿ ಚಾವಣಿ ನೋಡಿದ. ಎಲ್ಲಿಂದಲೋ ಬೀಳುತ್ತಿರುವವನ ಹಾಗೆ ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ನಾನು ಒಂದ್ಸಲ ಸತ್ತಿದೀನಿ," ಎಂದ.

"ಏನೋ ಅದು?" ಎಂದ ಸೆನಾದ್.

"ಗೊತ್ತಿಲ್ಲ. ಈಗಷ್ಟೇ." ಆಮೇಲೆ ಅವನು ಮಾತಾಡಿದ್ದು ಸೆನಾದನ ಜೊತೆಯಲ್ಲ. "ನೋಡಮ್ಮಾ, ನೀನ್ಯಾರೋ ನಂಗೊತ್ತಿಲ್ಲ. ನನ್ನ ತಲೇಲಿ ಮೊದ್ಲೇ ಜಾಗ ಇಲ್ಲ. ಇನ್ನು ಏನೂ ಬರೀಬೇಡ, ಏನೂ ಅಳಿಸ್ಬೇಡ. ನಾನೇ ಎದ್ದು ಹೋಗ್ತೀನಿ."

ಒಂದು ಬೂಟಿನ ದಾರ ಕಟ್ಟದೆಯೇ ಎದ್ದ. (ಇ) ಎಂದು ಬರೆದಿಟ್ಟುಕೊಂಡಿದ್ದೆ. ಅದು ಹಾಗೆಯೇ ಖಾಲಿ ಉಳಿಯಿತು.

೧೦

ಲೊರೆಟಾರ ಕೋಣೆ ಡ್ರೆಸಿಂಗ್ ರೂಮಿನ ಪಕ್ಕದ್ದೇ. ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ನದಿಯಿಂದ ಎದ್ದ ಮಂಜು ದೂರದ ಗೋಲುಕಂಬದವರೆಗೂ ಬಂದು ಕೂತಿತ್ತು. ವೆಂಡೆಲ್ ಕಿಟಕಿಗೆ ಬೆನ್ನು ಕೊಟ್ಟು ಕೂತ.

"ಆಗಸ್ಟಿಂದು ಸುಳ್ಳು, ಲೊರೆಟಾ."

ಅವರು ಕೈಯಲ್ಲಿದ್ದ ಬ್ಯಾಂಡೇಜಿನ ಸುರುಳಿಯನ್ನು ಕೆಳಗಿಟ್ಟರು. "ನಿಂದಾ?"

"ಎಲ್ರದ್ದೂ. ನಾನೇ ಹೇಳಿಕೊಟ್ಟೆ."

"ಗುರುವಾರದ್ದು?"

"ಗುರುವಾರ ನಾನು ಸುಳ್ಳು ಹೇಳಲಿಲ್ಲ." ಅವನ ದನಿ ಒಡೆಯಿತು. "ನೀವು ಕುದುರೆ ಅಂದ್ರಿ. ನಂಗೆ ಕೇಳ್ಸ್ತು."

"ನಾನು ಅನ್ನಲಿಲ್ಲ, ವೆಂಡೆಲ್."

"ಗೊತ್ತು."

ಲೊರೆಟಾ ಕುರ್ಚಿ ಎಳೆದುಕೊಂಡು ಅವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. "ನಾನೂ ನಕ್ಕೆ, ನೋಡು. ನಕ್ಕೊಂಡೇ ಬರ್ಕೊಂಡೆ." ಆಮೇಲೆ, "ಇನ್ನೊಂದ್ಸಲ ಕೇಳ್ಲಾ? ಸರಿಯಾಗಿ?"

"ಅದಕ್ಕೇ ಬಂದೆ."

"ಆದ್ರೆ ಯಾವುದಕ್ಕೆ ಹೋಲಿಸ್ಲೋ? ಇದಕ್ಕಿಂತ ಮುಂಚೆ ನೀನು ಹೇಗಿದ್ದೆ ಅಂತ ನನ್ನ ಹತ್ರ ಏನೂ ಇಲ್ಲ."

"ನನ್ನ ಹತ್ರಾನೂ ಇಲ್ಲ," ಎಂದ ವೆಂಡೆಲ್.

ಐದು ಪದಗಳನ್ನು ಅವರು ಒಂದೊಂದಾಗಿ, ಮಗುವಿನ ಕೈಗೆ ಲೋಟ ಕೊಡುವ ಹಾಗೆ ಹೇಳಿದರು. "ದೀಪ. ಮೊಣಕಾಲು. ಬಕೀಟು. ಪೀಚ್ ಹಣ್ಣು. ಮಂಜು. ಈಗ ತಿಂಗಳು. ಡಿಸೆಂಬರಿಂದ ಹಿಂದಕ್ಕೆ."

ಡಿಸೆಂಬರ್, ನವೆಂಬರ್, ಅಕ್ಟೋಬರ್. ಕೋಚ್ ಡ್ರಿಸ್ಕಲ್ ಬಾಗಿಲು ತಳ್ಳಿಕೊಂಡು ನುಗ್ಗಿದರು.

"ಏನ್ ಮಾಡ್ತಿದೀಯಾ ಇಲ್ಲಿ? ಎಲ್ರೂ ಸಾಲಲ್ಲಿ ನಿಂತಿದಾರೆ. ನಡಿ!"

"ಇವ್ನು ಬರಲ್ಲ ಕೋಚ್," ಎಂದರು ಲೊರೆಟಾ, ತಿರುಗದೆಯೇ. "ಯಾರೂ ಬರಲ್ಲ. ಇವತ್ತು ಒಬ್ಬನಿಗೂ ನಾನು ಸಹಿ ಹಾಕಲ್ಲ."

"ಹೊರಗೆ ಊರೇ ಬಂದು ಕೂತಿದೆ ಲೊರೆಟಾ! ಇವತ್ತು ಇಳೀಲಿಲ್ಲ ಅಂದ್ರೆ ಈ ತಂಡಾನೇ ಇರಲ್ಲ. ಅರವತ್ತು ವರ್ಷದ್ದು!" ಮಾತು ಸಾಲದೆ ಅವರು ನನ್ನತ್ತ ತಿರುಗಿದರು. "ನೀನು ಇದನ್ನೂ ಬರೀತಿದೀಯಾ? ಒಂದು ಪುಟ ಅಂದಿದ್ನಲ್ಲ ನಾನು!"

ಕೋಚ್ ವೆಂಡೆಲ್‌ನ ಕಟ್ಟದ ಬೂಟನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಕೈ ತಾನಾಗಿ ತಮ್ಮದೇ ಹಣೆಗೆ ಹೋಯಿತು. ಅವರೂ ಈ ತಂಡದಲ್ಲಿಯೇ ಆಡಿ ಬೆಳೆದವರು. ಅವರ ಆಗಸ್ಟೂ ಎಲ್ಲೋ ಇರಬೇಕು. ಏನೋ ಹೇಳಲು ಬಾಯಿ ತೆರೆದು, ಅದು ಸಿಗದೆ, ಹೊರಗೆ ಹೋದರು.

"ಮುಂದೆ ಹೇಳು," ಎಂದರು ಲೊರೆಟಾ. "ಅಕ್ಟೋಬರ್ ಆಯ್ತು."

ಸೆಪ್ಟೆಂಬರ್. ಆಗಸ್ಟ್. ಅಲ್ಲಿ ಬಹಳ ಹೊತ್ತು ನಿಂತ. ಜುಲೈ. ಹಾಗೆಯೇ ಜನವರಿಯವರೆಗೆ ಇಳಿದ.

ಬಾಗಿಲಲ್ಲಿ ಸೆನಾದ್ ನಿಂತಿದ್ದ, ಗೋಲ್‌ಕೀಪರಿನ ಗ್ಲೌಸು ಹಾಕಿಕೊಂಡೇ. ಎಲ್ಲ ಕೇಳಿಸಿಕೊಂಡಿದ್ದ. ಒಳಗೆ ಬಂದು ಗ್ಲೌಸು ಕಿತ್ತುಹಾಕಿ ನೆಲದ ಮೇಲೆ ಕೂತ. "ನನ್ನ ಕೈ ಕಣೋ," ಎಂದ. "ಎಲ್ಲ ಈ ಕೈಯಿಂದ."

ವೆಂಡೆಲ್ ಅವನ ಕೈಯನ್ನು ಮಮತೆಯಿಂದ ತೆಗೆದುಕೊಂಡು ಅತ್ತಿತ್ತ ತಿರುಗಿಸಿ ನೋಡಿದ. "ಯಾಕೋ? ನಿನ್ನ ಕೈಗೇನಾಯ್ತು?"

ಸೆನಾದ್ ಲೊರೆಟಾರನ್ನು ನೋಡಿದ. ಲೊರೆಟಾ ತುಟಿಯ ಮೇಲೆ ಬೆರಳಿಟ್ಟರು.

"ಈಗ ಆ ಐದು ಪದ, ವೆಂಡೆಲ್. ಅವಸರ ಇಲ್ಲ."

"ದೀಪ," ಎಂದ ವೆಂಡೆಲ್. "ಮೊಣಕಾಲು." ತನ್ನದನ್ನೇ ಮುಟ್ಟಿಕೊಂಡ. "ಪೀಚ್ ಹಣ್ಣು. ಮಂಜು."

"ಇನ್ನೊಂದು."

ಹೊರಗೆ ತಂಡ ಇನ್ನೂ ಬಾರದ್ದಕ್ಕೆ ಜನ ಕೂಗತೊಡಗಿದ್ದರು. ಮೊದಲು ಒಂದು ಮೂಲೆ, ಆಮೇಲೆ ಇಡೀ ಗ್ಯಾಲರಿ. ಕುದುರೆ! ಕುದುರೆ! ಆ ಗದ್ದಲದಲ್ಲಿ ಓಪಾನ ತೆಳ್ಳನೆಯ ದನಿಯೂ ಇತ್ತು. ಅವನು ಕೂಗುತ್ತಿರಲಿಲ್ಲ, ಯಾರಿಗೋ ತೋರಿಸುತ್ತಿದ್ದ. ವೆಂಡೆಲ್ ತಡೆಯಲಾರದೆ ಕಿಟಕಿಯತ್ತ ತಿರುಗಿದ. ದೂರದ ಗೋಲುಕಂಬದ ಪಕ್ಕದಲ್ಲಿ, ಮಂಜಿಗಿಂತ ಒಂದಿಷ್ಟು ಹೆಚ್ಚು ಬೆಳ್ಳಗೆ, ಏನೋ ತಲೆ ಬಗ್ಗಿಸಿ ಹುಲ್ಲು ಮೇಯುತ್ತಿತ್ತು.

"ಅದಲ್ಲ," ಎಂದ ವೆಂಡೆಲ್. ಕಣ್ಣು ಬಿಗಿಯಾಗಿ ಮುಚ್ಚಿದ. "ಅದಲ್ಲ ಅಂತ ನಂಗೊತ್ತು. ಬೇರೆ ಇದೆ. ತಡೀರಿ. ಬೇರೆ ಇದೆ."

ಬಾಯಿ ತೆರೆದ.

೩

(ಈ ಸಂಖ್ಯೆ ಖಾಲಿಯಿತ್ತು. ಇಲ್ಲಿ ನಾವಿಬ್ಬರೇ ಇದ್ದೇವೆ, ನಾನು ಮತ್ತು ನೀವು. ಮೆಲ್ಲಗೆ ಮಾತಾಡೋಣ.

ಆ ಪದ ಅವನಿಗೆ ಕೊಟ್ಟುಬಿಡಬಹುದು. ಮೇಲೆ ಹೋಗಿ ನೋಡಿದರೆ ಸಿಗುತ್ತದೆ. ಆದರೆ ನಾನು ಕೊಟ್ಟರೆ ಅದು ಅವನು ನೆನೆದದ್ದು ಆಗುವುದಿಲ್ಲ. ಬಸ್ಸಿನಲ್ಲಿ ಓಪಾನಿಗೆ ಕೊಟ್ಟರಲ್ಲ ಒಂದು ಗೋಲು, ಹಾಗಾಗುತ್ತದೆ. ಕೊಡದಿದ್ದರೆ ಅವನ ಬಾಯಲ್ಲಿ ಯಾವುದು ಬರುತ್ತದೋ ಅದು ಬರುತ್ತದೆ, ಬಂದಮೇಲೆ ನಾನು ಅದನ್ನು ಬರೆಯಬೇಕಾಗುತ್ತದೆ. ಬರೆದರೆ ಹಾಗೆಯೇ ಆಗಿಬಿಡುತ್ತದೆ. ಅಳಿಸಿದರೆ ಅವನ ತಲೆಗೆ ಹೋಗುತ್ತದೆ.

ಚರಿತ್ರೆಯ ಪುಟ ಕೇಳುತ್ತಿದ್ದಾರೆ. ಕೊನೆಯ ಸಾಲು ಏನು ಹಾಕಲಿ ಎಂದು ಗೊತ್ತಿಲ್ಲ. ತಂಡ ಉಳಿಯಿತೋ ಮುಚ್ಚಿತೋ, ಅದನ್ನು ಆಡಳಿತದವರು ಬರೆದುಕೊಳ್ಳಲಿ. ನಾನು ವೆಂಡೆಲ್‌ನ ಹತ್ತಿರ ಕೂತಿದ್ದೇನೆ. ಒಂದು ಬೂಟಿನ ದಾರ ಬಿಚ್ಚಿದೆ. ಗೆಳೆಯನ ಕೈ ಅವನ ಕೈಯಲ್ಲಿದೆ. ಮೇಲಿಂದ ಯಾವ ಚೆಂಡೂ ಬರುತ್ತಿಲ್ಲ. ಬಾಯಿ ಇನ್ನೂ ತೆರೆದೇ ಇದೆ, ಪದ ಇನ್ನೂ ತಪ್ಪಿಲ್ಲ.

ನಿಮಗೆ ಆ ಪದ ನೆನಪಿದ್ದರೆ ಸಂತೋಷ. ಮೇಲೆ ಹೋಗಿ ನೋಡಬೇಕೆನಿಸುತ್ತಿದ್ದರೆ ನನಗೆ ನಿಮ್ಮ ಬಗ್ಗೆಯೂ ಸ್ವಲ್ಪ ಭಯ.

ಶುರುವಿನಲ್ಲಿ ನಿಮ್ಮನ್ನು ಒಂದು ಕೇಳಿಕೊಂಡಿದ್ದೆ. ಈಗ ಅದನ್ನು ವಾಪಸ್ ಪಡೆಯುತ್ತೇನೆ. ಇಷ್ಟು ಹೊತ್ತು ಹೂಂ ಅಂದಿರಿ, ಕಥೆ ನಡೆಯಿತು. ಇನ್ನೊಂದು ಹೂಂ ಬಿದ್ದರೆ ಇದು ಇನ್ನೊಂದು ಹೆಜ್ಜೆ ಇಡುತ್ತದೆ.

ದಮ್ಮಯ್ಯ, ಅನ್ನಬೇಡಿ.)